ಬಿಸಿನೀರ ತೊಟ್ಟಿಯ ಯೋಗಕ್ಷೇಮ

ಎರಡು ವರ್ಷಗಳ ಹಿಂದೆ, ಕಾಲೇಜಿನ ಬೇಸಗೆ ರಜೆಯಲ್ಲಿ, ಅಕ್ಕನ ಮನೆಗೆಂದು ನಾನು ಅಮೆರಿಕಕ್ಕೆ ಹೋಗಿದ್ದೆ. ಅಕ್ಕ ಭಾವ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದ ಅಂಚಿನಲ್ಲಿ ಮನೆ ಮಾಡಿಕೊಂಡು ಬಹಳ ಕಾಲವಾಯಿತು. ಭಾವನವರು ಕೆಲಸದಿಂದ ನಿವೃತ್ತರಾದವರು. ಮಂಡಿಯ ಸಂಧಿವಾತದಿಂದಾಗಿ ಬೆಳಗಿನ ಹೊತ್ತು ನಾಲ್ಕು ಮೆಟ್ಟಿಲಿಳಿಯುವುದೂ ಅವರಿಗೆ ಪ್ರಯಾಸ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ನೋವು ತಗ್ಗೀತೆಂದು ವೈದ್ಯರು ಹೇಳಿದ್ದರಂತೆ. ನಾನು ಹೋದ ಮೂರನೆಯ ದಿನ ಕಾಫಿಯ ಲೋಟವನ್ನು ಕೈಗಿತ್ತು, ಮೇಜಿನ ಮೇಲೊಂದು ಕಾಗದದ ಕಂತೆಯನ್ನಿಟ್ಟರು.

“ಹಳಗನ್ನಡ ಓದಿ ಹುಡುಗರಿಗೆ ಅರ್ಥ ಹೇಳೋನು ನೀನು. ಇದಕ್ಕೂ ಒಂದಿಷ್ಟು ಅರ್ಥ ಹೇಳಯ್ಯ, ನೋಡೋಣ,” ಎಂದರು.

ಅವು ಮೂರು ಬೇರೆ ಬೇರೆ ಹಾಟ್ ಟಬ್ಬುಗಳ ವಾರಂಟಿ ಪತ್ರಗಳು.

ಹಾಟ್ ಟಬ್ ಎಂದರೇನೆಂದು ಕೇಳುವ ವಾಚಕರೂ ಇರಬಹುದು. ಮನೆಯ ಹಿತ್ತಿಲಲ್ಲಿ ಇರಿಸುವ, ನಾಲ್ಕೈದು ಜನ ಎದುರುಬದುರಾಗಿ ಕುಳಿತುಕೊಳ್ಳಬಹುದಾದ ದೊಡ್ಡ ತೊಟ್ಟಿ ಅದು. ಸುಮಾರು ಒಂದೂವರೆ ಸಾವಿರ ಲೀಟರ್ ನೀರು ಹಿಡಿಯುತ್ತದೆ. ಒಳಮೈ ನುಣುಪಾದ ಅಕ್ರಿಲಿಕ್‌ನದು. ಹೊಟ್ಟೆಯಲ್ಲಿ ಪಂಪು, ಹೀಟರು, ಸೋಸುವ ಫಿಲ್ಟರು, ಮಾರುದ್ದದ ಕೊಳವೆಗಳ ಜಾಲ. ಗೋಡೆಯ ತುಂಬ ನೀರನ್ನು ರಭಸದಿಂದ ಚಿಮ್ಮುವ ಜೆಟ್ಟುಗಳು. ಮೇಲೊಂದು ದಪ್ಪ ಮುಚ್ಚಳ. ನೀರನ್ನು ಹಗಲಿರುಳೂ ಬಿಸಿಯಾಗಿಯೇ ಇಟ್ಟಿರುತ್ತಾರೆ. ಅಲ್ಲಿಯ ಗ್ರಾಹಕ ಸುರಕ್ಷತಾ ಆಯೋಗದ ಪ್ರಕಾರ ಆ ಬಿಸಿ 104 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ 40 ಡಿಗ್ರಿ ಸೆಲ್ಸಿಯಸನ್ನು, ಮೀರಕೂಡದು.

ನಮ್ಮ ಬಚ್ಚಲುಮನೆಯ ಹಂಡೆಗೂ ಇದಕ್ಕೂ ಇರುವ ಭೇದ ಗಾತ್ರದ್ದೆಂದು ನಾನು ಮೊದಲು ತಿಳಿದಿದ್ದೆ. ಅದು ಗಾತ್ರದ ಭೇದವಲ್ಲ. ಹಂಡೆಯ ನೀರು ಮೈಮೇಲೆ ಬಿದ್ದು ಹರಿದುಹೋಗುತ್ತದೆ. ಮೋರಿಯನ್ನು ದಾಟಿ ಹಿತ್ತಿಲ ಬಾಳೆಯ ಬುಡವನ್ನು ಸೇರುತ್ತದೆ. ಮಿಂದವನ ಕೊಳೆಯೂ ನೀರಿನ ಆಯುಸ್ಸೂ ಒಟ್ಟಿಗೇ ಮುಗಿಯುತ್ತವೆ. ಈ ತೊಟ್ಟಿಯಲ್ಲಿ ನೀರು ನಿಂತೇ ಇರುತ್ತದೆ. ಇಂದು ಮಿಂದ ನೀರಿನಲ್ಲಿಯೇ ನಾಳೆಯೂ ಮೀಯಬೇಕು, ನಾಡಿದ್ದೂ ಮೀಯಬೇಕು. ಹೀಗೆ ಮೂರು ನಾಲ್ಕು ತಿಂಗಳು. ಉಳಿದೆಲ್ಲ ತೊಡಕುಗಳೂ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ತೊಟ್ಟಿಯ ಹುಟ್ಟಿನ ಕಥೆಯಲ್ಲಿಯೂ ಒಂದು ಕೀಲುನೋವಿದೆ. ಇಟಲಿಯ ಫ್ರಿಯುಲಿ ಪ್ರಾಂತದಿಂದ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದ ಜಕೂಜಿ ಸೋದರರು ಮೊದಲು ವಿಮಾನಗಳಿಗೆ ಪ್ರೊಪೆಲ್ಲರುಗಳನ್ನು ಮಾಡುತ್ತಿದ್ದರು. ಅವರು ಕಟ್ಟಿದ ವಿಮಾನವೊಂದು 1921ರಲ್ಲಿ ಬಿದ್ದು ಸೋದರರಲ್ಲಿ ಒಬ್ಬನು ತೀರಿಕೊಂಡ ಮೇಲೆ ಆ ಮನೆತನ ಆಕಾಶವನ್ನು ಬಿಟ್ಟು ನೆಲದಡಿಯ ನೀರಿನತ್ತ ತಿರುಗಿತು. ತೋಟದ ಬಾವಿಗಳಿಗೆ ಪಂಪು ಮಾಡತೊಡಗಿತು. ಕಿರಿಯ ಸೋದರ ಕ್ಯಾಂಡಿಡೊನ ಮಗ ಕೆನೆತ್‌ಗೆ ಎಳೆಯ ವಯಸ್ಸಿನಲ್ಲಿಯೇ ಕೀಲುವಾತ ತಗುಲಿತು. ಆಸ್ಪತ್ರೆಯಲ್ಲಿ ಸುಳಿನೀರಿನ ಚಿಕಿತ್ಸೆಯಿಂದ ಹುಡುಗನಿಗೆ ಹಿತವಾಗುತ್ತದೆಂಬುದನ್ನು ಕಂಡ ತಂದೆ, 1940ರ ದಶಕದ ಕೊನೆಯಲ್ಲಿ, ಮನೆಯ ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿಡಬಹುದಾದ ಪಂಪನ್ನು ಅವನಿಗಾಗಿ ಸಿದ್ಧಮಾಡಿದನು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಆ ಯಂತ್ರವನ್ನು ತೊಟ್ಟಿಯ ಗೋಡೆಯೊಳಗೇ ಅಡಗಿಸಿದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಆ ರಾಜ್ಯದ ಕರಾವಳಿಯಲ್ಲಿ ಕೆಲವು ಮೋಜುಗಾರರು ದ್ರಾಕ್ಷಾರಸದ ಹಳೆಯ ಮರದ ಪೀಪಾಯಿಗಳಿಗೆ ಬಿಸಿನೀರು ತುಂಬಿ ಕೂರುತ್ತಿದ್ದರು. ತಂದೆಯೊಬ್ಬನ ಅಕ್ಕರೆ, ಪೀಪಾಯಿಯ ವಿನೋದ, ಎರಡೂ ಕೂಡಿ ಇಂದಿನ ಹಾಟ್ ಟಬ್ ಆಗಿದೆ. ಅಂಗಡಿಗೆ ಹೋದರೆ ವಿನೋದವೇ ಎದ್ದು ಕಾಣುತ್ತದೆ.

ನಾವು ಮೂವರೂ ಅಂಗಡಿಗಳಿಗೆ ಹೋದೆವು. ಒಂದರಲ್ಲಿ ಐವತ್ತು ಜೆಟ್ಟು, ಇನ್ನೊಂದರಲ್ಲಿ ಬಣ್ಣ ಬದಲಿಸುವ ದೀಪ, ಮತ್ತೊಂದರಲ್ಲಿ ನೀರಿನಲ್ಲಿ ಕುಳಿತೇ ಕೇಳಬಹುದಾದ ಸಂಗೀತ. ಮಾರುವವರ ವಿನಯಕ್ಕೆ ಕೊರತೆಯಿರಲಿಲ್ಲ. ಭಾವನವರು ಐವತ್ತು ಜೆಟ್ಟುಗಳ ಮುಂದೆ ನಿಂತು ಮಂಡಿಯನ್ನು ಸವರಿಕೊಳ್ಳುತ್ತಿದ್ದರು. ಬೆಲೆ ಹತ್ತು ಸಾವಿರ ಡಾಲರಿನ ಆಚೀಚೆ. ನಿವೃತ್ತರಿಗೆ ಅದೇನೂ ಸಣ್ಣ ಮೊತ್ತವಲ್ಲ. ಅಷ್ಟು ಹೊತ್ತೂ ಸುಮ್ಮನಿದ್ದ ಅಕ್ಕ, ತೊಟ್ಟಿಯ ಮೂಲೆಯಲ್ಲಿದ್ದ ಮುಚ್ಚಳವನ್ನು ತೆಗೆದು, ಒಳಗಿನಿಂದ ಫಿಲ್ಟರನ್ನು ಎತ್ತಿ ನೋಡಿದಳು.

“ನೀರು ಕುಡಿದಾಗ ಇದು ಇನ್ನೂ ಭಾರ ಆಗುತ್ತೆ. ನಿಮ್ಮ ಭಾವ ಬಗ್ಗೋ ಹಾಗಿಲ್ಲ. ಇದನ್ನು ತೊಳೆಯೋರು ಯಾರು, ಅದನ್ನು ಮೊದಲು ಹೇಳು,” ಎಂದಳು ನನ್ನತ್ತ ತಿರುಗಿ.

ನಾವು ದಿನನಿತ್ಯ ಬಳಸುವ ಯೋಗಕ್ಷೇಮವೆಂಬ ಮಾತಿನಲ್ಲಿ ಎರಡು ಪದಗಳಿವೆ. ಇಲ್ಲದ್ದನ್ನು ಪಡೆಯುವುದು ಯೋಗ. ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ಎಷ್ಟೋ ಸಲ ಹೇಳಿದ್ದೇನೆ. ಅದರ ನಿಜವಾದ ತೂಕ ನನಗೆ ಹೊಳೆದದ್ದು ಮಾತ್ರ ಆ ಅಂಗಡಿಯಲ್ಲಿ. ಅಲ್ಲಿಯ ಭಾಷಣವೆಲ್ಲವೂ ಯೋಗವನ್ನು ಕುರಿತದ್ದು. ಕ್ಷೇಮದ ಪ್ರಶ್ನೆಯನ್ನು ಎತ್ತಿದವಳು ಅಕ್ಕ ಒಬ್ಬಳೇ.

ಮೊದಲು ಸೋಸುವ ಮಾತು. ಫಿಲ್ಟರೆಂದರೆ ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ಹಿಡಿದು ಉರುಳೆಯ ಸುತ್ತ ಕೂರಿಸಿದ ಪಾಲಿಯೆಸ್ಟರ್ ಬಟ್ಟೆ. ನೆರಿಗೆಯನ್ನೆಲ್ಲ ಬಿಡಿಸಿದರೆ ಎಷ್ಟು ಚದರ ಅಡಿಯಾಗುತ್ತದೆಂಬುದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಬಟ್ಟೆ ಹೆಚ್ಚಿದಷ್ಟೂ ಕೊಳೆ ಹಿಡಿಯುವ ಶಕ್ತಿ ಹೆಚ್ಚು, ತೊಳೆಯುವ ಸರದಿ ದೂರ, ಇದು ದಿಟ. ಆದರೆ ಬಟ್ಟೆಯ ಅಳತೆಯೊಂದರಿಂದಲೇ ನೀರು ಸೋಸಿಹೋಗುವುದಿಲ್ಲ. ಗಂಟೆಗೆ ಎಷ್ಟು ನೀರು ಅದರ ಮೂಲಕ ಹರಿಯುತ್ತದೆ, ದಿನಕ್ಕೆ ಎಷ್ಟು ಗಂಟೆ ಹರಿಯುತ್ತದೆ? ಇವೆರಡನ್ನೂ ಗುಣಿಸಿ ತೊಟ್ಟಿ ಹಿಡಿಯುವ ನೀರಿನಿಂದ ಭಾಗಿಸಿದರೆ, ಇರುವ ನೀರೆಲ್ಲ ದಿನಕ್ಕೆ ಎಷ್ಟು ಸಲ ಸೋಸಿಕೊಂಡು ಬರುತ್ತದೆಂಬುದು ತಿಳಿಯುತ್ತದೆ. ಕೆಲವು ತೊಟ್ಟಿಗಳಲ್ಲಿ ಇದಕ್ಕೆಂದೇ ಸಣ್ಣ ಪಂಪೊಂದು ಹಗಲಿರುಳೂ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಕೆಲವುಗಳಲ್ಲಿ ಜೆಟ್ಟಿನ ದೊಡ್ಡ ಪಂಪೇ ದಿನಕ್ಕೆರಡು ಬಾರಿ ಮಂದಗತಿಯಲ್ಲಿ ಕೆಲವು ಗಂಟೆ ಈ ಕೆಲಸವನ್ನೂ ಮಾಡುತ್ತದೆ. ಯಾವುದು ಮೇಲೆಂದು ಒಂದೇ ಮಾತಿನಲ್ಲಿ ಹೇಳಲಾಗದು. ಜೆಟ್ಟಿಗೆ ಹೋಗುವ ನೀರೂ ಫಿಲ್ಟರನ್ನು ಹಾದು ಬರುತ್ತದೆಯೆ ಅಥವಾ ಅಡ್ಡದಾರಿಯಲ್ಲಿ ಸುತ್ತುತ್ತದೆಯೆ ಎಂದು ನಾನು ಕೇಳಿದಾಗ ಮೂವರು ಮಾರಾಟಗಾರರಲ್ಲಿ ಇಬ್ಬರು ಒಳಗೆ ಹೋಗಿ ಬೇರೆಯವರನ್ನು ಕೇಳಿಕೊಂಡು ಬಂದರು.

ನೀರನ್ನು ಹೀರುವ ಬಾಯಿಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಇಂಥ ತೊಟ್ಟಿಯೊಂದರ ತಳದ ಹೀರುಬಾಯಿಗೆ ಸಿಕ್ಕಿ, ನೀರಿನಡಿಯಿಂದ ಬಿಡಿಸಿಕೊಳ್ಳಲಾಗದೆ ಅಸುನೀಗಿದಳು. ಆ ಮಗುವಿನ ಹೆಸರಿನಲ್ಲಿಯೇ 2007ರಲ್ಲಿ ಒಂದು ಕಾಯಿದೆ ಬಂದು, ಹೀರುಬಾಯಿಗಳಿಗೆ ಮೈ ಅಂಟಿಕೊಳ್ಳದಂಥ ವಿಶೇಷ ಮುಚ್ಚಳಗಳು ಬೇಕೆಂದು ವಿಧಿಸಿತು. ಅಕ್ಕನ ಮನೆಯಲ್ಲಿ ಆಗ ಮೂರು ವರ್ಷದ ಮೊಮ್ಮಗಳಿದ್ದಳು. ಸೊಸೆ ಕೆಲಸಕ್ಕೆ ಹೋದರೆ ದಿನವೆಲ್ಲ ಅಜ್ಜಿಯ ಬಳಿಯೇ. ಐದು ತುಂಬದ ಮಕ್ಕಳನ್ನು ಹಾಟ್ ಟಬ್ಬಿಗೆ ಇಳಿಸಲೇಬಾರದೆಂದು ಅಲ್ಲಿಯ ರೋಗನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ. ಬೀಗ ಹಾಕಲು ಬರುವ ಮುಚ್ಚಳ ಬೇಕೇ ಬೇಕೆಂದು ಅಕ್ಕ ಹಟ ಹಿಡಿದದ್ದು ಈ ಕಾರಣದಿಂದ.

ಸೋಸುವುದು ಬೇರೆ, ಶುದ್ಧಿ ಬೇರೆ. ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಗಾಳಿಸುತ್ತಿದ್ದ ನಮ್ಮ ಹಿರಿಯರಿಗೆ ಕಸಕಡ್ಡಿ ನಿಲ್ಲುತ್ತಿತ್ತು. ಕಣ್ಣಿಗೆ ಕಾಣದ ರೋಗಾಣು ನಿಲ್ಲುತ್ತಿರಲಿಲ್ಲ. ಈ ಫಿಲ್ಟರಿನ ಪಾಡೂ ಅಷ್ಟೆ. ಅದು ಕೂದಲು, ಚರ್ಮದ ಹೊಟ್ಟು, ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಕ್ಲೋರಿನ್ನೋ ಬ್ರೋಮಿನ್ನೋ ನೀರಿನಲ್ಲಿ ಸದಾ ಇರಬೇಕು. ಹತ್ತು ಲಕ್ಷ ಪಾಲು ನೀರಿಗೆ ಕ್ಲೋರಿನ್ ಆದರೆ ಕನಿಷ್ಠ 3 ಪಾಲು, ಬ್ರೋಮಿನ್ ಆದರೆ 4ರಿಂದ 8 ಪಾಲು. ಆಮ್ಲ ಕ್ಷಾರಗಳ ಹದವನ್ನು ಹೇಳುವ ಪಿಎಚ್ ಅಂಕಿ 7ರಿಂದ 7.8ರೊಳಗೆ ಇರಬೇಕು. ಇದು ಸಿಡಿಸಿಯ ಲೆಕ್ಕ. ಓಜೋನ್ ಯಂತ್ರ, ಅತಿನೇರಳೆ ದೀಪ ಮುಂತಾದುವನ್ನು ಅಂಗಡಿಯವರು ಬಹಳವಾಗಿ ಹೊಗಳುತ್ತಾರೆ. ಅವುಗಳಿಂದ ಸಹಾಯವುಂಟು, ಸಂದೇಹವಿಲ್ಲ. ಆದರೆ ದೀಪದ ಬೆಳಕು ಬಿದ್ದ ಕಡೆಯಷ್ಟೇ ಅದರ ಆಟ; ತೊಟ್ಟಿಯ ಇನ್ನೊಂದು ಮೂಲೆಯಲ್ಲಿ ಕುಳಿತವನ ಮೈಯಿಂದ ಆಗತಾನೆ ಇಳಿದ ಅಣುವನ್ನು ಅದು ಅರಿಯದು. ನೀರಿನೊಡನೆ ಎಲ್ಲ ಕಡೆಯೂ ಸುತ್ತುವ ಕಾವಲುಗಾರ ಕ್ಲೋರಿನ್ನೇ.

ಈಜುಕೊಳಕ್ಕಿಂತ ಇಲ್ಲಿ ಕಾವಲು ಏಕೆ ಬಿಗಿಯಾಗಿರಬೇಕೆಂಬುದನ್ನು ತಿಳಿಯಲು ಒಂದು ಸಣ್ಣ ಗುಣಾಕಾರ ಸಾಕು. ಎಪ್ಪತ್ತೈದು ಸಾವಿರ ಲೀಟರಿನ ಒಂದು ಮನೆಯ ಈಜುಕೊಳವಿದೆಯೆನ್ನೋಣ. ಒಂದೂವರೆ ಸಾವಿರ ಲೀಟರಿನ ತೊಟ್ಟಿ ಅದರ ಐವತ್ತನೆಯ ಒಂದು ಪಾಲು. ತೊಟ್ಟಿಯಲ್ಲಿ ನಾಲ್ವರು ಕುಳಿತರೆ ಆ ಕೊಳದಲ್ಲಿ ಇನ್ನೂರು ಮಂದಿ ಇಳಿದಂತಾಯಿತು. ಅದೂ ಬಿಸಿನೀರಿನಲ್ಲಿ, ಬೆವರುತ್ತ! ಬಿಸಿಗೆ ಕ್ಲೋರಿನ್ನೂ ಬೇಗ ಕರಗಿಹೋಗುತ್ತದೆ.

ಈ ಕಾವಲು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮೈಮೇಲೆ ಏಳುವ ಗುಳ್ಳೆಗಳು ಸಣ್ಣ ಉದಾಹರಣೆ. ದೊಡ್ಡ ಉದಾಹರಣೆ ನೆದರ್ಲೆಂಡ್ಸಿನದು. ಅಲ್ಲಿಯ ಬೋವೆನ್‌ಕಾರ್‌ಸ್ಪೆಲ್ ಎಂಬ ಊರಿನಲ್ಲಿ 1999ರ ಫೆಬ್ರವರಿಯಲ್ಲಿ ಹೂವಿನ ಪ್ರದರ್ಶನವೊಂದು ನಡೆಯಿತು. ನೋಡಲು ಬಂದವರು ಎಪ್ಪತ್ತೇಳು ಸಾವಿರ ಮಂದಿ. ಹೂವಿನ ಜೊತೆಗೆ ಗೃಹೋಪಯೋಗಿ ಸರಕನ್ನೂ ಇಟ್ಟಿದ್ದರು; ಅದರಲ್ಲಿ ಸುಳಿನೀರಿನ ತೊಟ್ಟಿಗಳೂ ಇದ್ದುವು, ಬಿಸಿಯಾಗಿ ಗುಳ್ಳೆಯೇಳುತ್ತ. ಕೆಲವು ದಿನಗಳಲ್ಲಿ ಜನ ಕಠಿನವಾದ ನ್ಯೂಮೋನಿಯದಿಂದ ಆಸ್ಪತ್ರೆ ಸೇರತೊಡಗಿದರು. ಒಂದು ಅಧ್ಯಯನವು ಲೆಕ್ಕಕ್ಕೆ ಹಿಡಿದ ರೋಗಿಗಳೇ 188 ಮಂದಿ, ಹಲವರು ತೀರಿಕೊಂಡರು. ಲೀಜನೆಲ್ಲ ಎಂಬ ರೋಗಾಣು ಆ ತೊಟ್ಟಿಗಳ ನೀರಿನಲ್ಲಿ ಬೆಳೆದಿತ್ತು. ಬೆಚ್ಚನೆಯ ನಿಂತ ನೀರು ಅದಕ್ಕೆ ತವರು. ಗುಳ್ಳೆ ಒಡೆದಾಗ ಏಳುವ ಕಣ್ಣಿಗೆ ಕಾಣದ ಹನಿಗಳನ್ನು ಸುಮ್ಮನೆ ಪಕ್ಕದಲ್ಲಿ ಹಾದುಹೋದವರು ಉಸಿರಾಡಿದ್ದರು, ಅಷ್ಟೆ. ಅಮೆರಿಕದಲ್ಲಿಯೇ ಉತ್ತರ ಕೆರೊಲಿನ ರಾಜ್ಯದ ಒಂದು ಜಾತ್ರೆಯಲ್ಲಿ, 2019ರ ಸೆಪ್ಟೆಂಬರಿನಲ್ಲಿ, ಇಂಥದೇ ದುರಂತ ನಡೆದು ನೂರಮೂವತ್ತಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ವರು ತೀರಿಕೊಂಡರು. ತನಿಖೆ ಮಾಡಿದವರ ಬೆರಳು ಹೋದದ್ದು ಮಾರಾಟಕ್ಕೆಂದು ಇಟ್ಟಿದ್ದ ಹಾಟ್ ಟಬ್ಬುಗಳ ಕಡೆಗೆ. ಇದನ್ನು ಓದಿದ ಮೇಲೆ ಅಂಗಡಿಯಲ್ಲಿ ಗುಳ್ಳೆಯೇಳುತ್ತಿರುವ ತೊಟ್ಟಿಯ ಬಳಿ ನಿಂತಾಗ, ಜೆಟ್ಟು ಎಷ್ಟೆಂದು ಕೇಳುವ ಮುನ್ನ ಈ ನೀರನ್ನು ಇವತ್ತು ಯಾರು ಪರೀಕ್ಷಿಸಿದ್ದಾರೆಂದು ಕೇಳುವುದು ನನಗೆ ಅಭ್ಯಾಸವಾಯಿತು. ತನ್ನ ಅಂಗಡಿಯ ನೀರನ್ನೇ ನೋಡಿಕೊಳ್ಳದವನು ನಮಗೆ ನೀರಿನ ಪಾಠ ಹೇಳಿಯಾನೆ?

ಔಷಧಿಯ ವಿಷಯದಲ್ಲಿಯೂ ಒಂದು ಗುಟ್ಟಿದೆ. ಡೈಕ್ಲೋರ್ ಎಂಬ ಹರಳುಪುಡಿ ಬಹಳ ಜನಪ್ರಿಯ, ಹಾಕಿದೊಡನೆ ಕರಗುತ್ತದೆ. ಆದರೆ ಅದರೊಳಗೆ ಕ್ಲೋರಿನ್ನಿನ ಜೊತೆಗೆ ಸಯನೂರಿಕ್ ಆಮ್ಲವೂ ಇದೆ. ಹತ್ತು ಪಾಲು ಕ್ಲೋರಿನ್ ಕೊಟ್ಟಾಗ ಒಂಬತ್ತು ಪಾಲು ಈ ಆಮ್ಲ ನೀರಿನಲ್ಲಿ ಉಳಿಯುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಆಮ್ಲ ಖರ್ಚಾಗುವುದಿಲ್ಲ. ದಿನಕ್ಕೆ ಮೂರು ಪಾಲಿನಂತೆ ಒಂದು ತಿಂಗಳು ಹಾಕಿದರೆ ಎಂಬತ್ತು ಪಾಲು ಆಮ್ಲ ಕೂಡುತ್ತದೆ. ಅದು ಹೆಚ್ಚಿದಷ್ಟೂ ಕ್ಲೋರಿನ್ನಿನ ಕೈ ಕಟ್ಟುತ್ತದೆ. ಹಾಟ್ ಟಬ್ಬಿಗೆ ಈ ಆಮ್ಲವುಳ್ಳ ಕ್ಲೋರಿನ್ ಬೇಡವೆಂದೇ ಸಿಡಿಸಿಯ ಸಲಹೆ. ಅಂಗಡಿಯವನು ಮೊದಲು ಕೈಗಿಡುವುದು ಮಾತ್ರ ಡೈಕ್ಲೋರ್ ಡಬ್ಬಿಯನ್ನೇ.

ನೀರನ್ನು ಎಷ್ಟು ದಿನಕ್ಕೆ ಬದಲಿಸಬೇಕೆಂಬುದಕ್ಕೂ ಬಳಕೆಯಲ್ಲೊಂದು ಸೂತ್ರವಿದೆ: ತೊಟ್ಟಿಯ ಗ್ಯಾಲನ್ನುಗಳನ್ನು ಮೂರರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸುವುದು. ನಾನೂರು ಗ್ಯಾಲನ್ ತೊಟ್ಟಿಗೆ ಭಾವನವರು ಒಬ್ಬರೇ ದಿನವೂ ಇಳಿದರೆ 133 ದಿನ. ಅಕ್ಕನೂ ಇಳಿದರೆ 66.

ಜಪಾನೀಯರು ಈ ವಿದ್ಯೆಯಲ್ಲಿ ನಮಗೆಲ್ಲ ಗುರುಗಳು. ಅಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಒಂದೇ ತೊಟ್ಟಿಯ ಬಿಸಿನೀರಿಗೆ ಇಳಿಯುತ್ತಾರೆ. ಆದರೆ ಇಳಿಯುವ ಮುನ್ನ ಹೊರಗೆ ಕುಳಿತು, ಸೋಪು ಹಚ್ಚಿ, ಮೈ ತೊಳೆದು, ಸೋಪಿನ ಲವಲೇಶವೂ ಉಳಿಯದಂತೆ ನೀರು ಹೊಯ್ದುಕೊಂಡಿರುತ್ತಾರೆ. ಅವರಿಗೆ ತೊಟ್ಟಿ ಇರುವುದು ಕೊಳೆ ಕಳೆಯಲಿಕ್ಕಲ್ಲ, ದಣಿವು ಕಳೆಯಲಿಕ್ಕೆ. ನಮ್ಮ ಭಾವನವರಿಗೆ ಈ ಸೂಕ್ಷ್ಮ ಮೊದಲು ಹಿಡಿಸಲಿಲ್ಲ. “ನರಕ ಚತುರ್ದಶಿ ದಿವಸ ಮೈತುಂಬ ಎಣ್ಣೆ ಹಚ್ಚಿಕೊಂಡು ಇದರೊಳಗೆ ಕೂತರೆ ಹೇಗಿರುತ್ತೆ!” ಎಂದು ಕಣ್ಣರಳಿಸಿದರು. ಎಣ್ಣೆ ಫಿಲ್ಟರಿನ ನೆರಿಗೆಯನ್ನು ಕಟ್ಟಿಹಾಕುತ್ತದೆ, ನೀರು ನೊರೆಗಟ್ಟುತ್ತದೆ, ಇರುವ ಕ್ಲೋರಿನ್ನೆಲ್ಲ ಆ ಜಿಡ್ಡಿಗೇ ವೆಚ್ಚವಾಗಿ ರೋಗಾಣುಗಳಿಗೆ ರಾಜ್ಯ ಸಿಗುತ್ತದೆ ಎಂದು ನಾನು ವಿವರಿಸಲು ಹೊರಟೆ. ಅಕ್ಕ ಅಷ್ಟು ದೂರ ಹೋಗಲಿಲ್ಲ. “ಎಣ್ಣೆ ಹಚ್ಚಿಕೊಂಡೋರಿಗೆ ಒಳಗೆ ಬಚ್ಚಲುಮನೆ ಇದೆ,” ಎಂದಳು.

ಇನ್ನು ಭಾವನವರು ನನಗೊಪ್ಪಿಸಿದ ಗ್ರಂಥಕ್ಕೆ ಬರೋಣ. ವಾರಂಟಿ ಪತ್ರವನ್ನು ನಾನು ಶಾಸನವನ್ನು ಓದುವಂತೆ ಓದಿದೆ. ಇದು ವಿನೋದದ ಮಾತಲ್ಲ. ಎರಡರ ರಚನೆಯೂ ಒಂದೇ. ನಮ್ಮ ದಾನಶಾಸನಗಳಲ್ಲಿ ಮೊದಲು ಪ್ರಶಸ್ತಿ, ಆಮೇಲೆ ದತ್ತಿಯ ವಿವರ, ಅದು ಆಚಂದ್ರಾರ್ಕವಾಗಿ ನಡೆಯತಕ್ಕದ್ದೆಂಬ ಆಶಯ, ಕೊನೆಗೆ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂಬ ಶಾಪ. ಇಲ್ಲಿಯೂ ಮೊದಲ ಪುಟದಲ್ಲಿ ತಯಾರಕರ ಪ್ರಶಸ್ತಿಯಿದೆ. ‘ಹತ್ತು ವರ್ಷ’ ಎಂಬ ಅಂಕಿ ಚಂದ್ರಸೂರ್ಯರಂತೆ ಹೊಳೆಯುತ್ತದೆ. ಶಾಪಭಾಗವು ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿದೆ. ಓದುವವನು ಹಿಂದಿನಿಂದ ಮುಂದಕ್ಕೆ ಓದಬೇಕು.

ಹಾಗೆ ಓದಿದಾಗ ತಿಳಿದದ್ದಿಷ್ಟು. ಹತ್ತು ವರ್ಷದ ಮಾತು ತೊಟ್ಟಿಯ ಅಸ್ಥಿಪಂಜರಕ್ಕೆ ಮಾತ್ರ. ಅದು ಸುಲಭವಾಗಿ ಕೆಡುವ ವಸ್ತುವೇ ಅಲ್ಲ. ಒಳಮೈಯ ನುಣುಪಿಗೆ ಅದಕ್ಕಿಂತ ಕಡಮೆ, ಕೊಳವೆ ಪಂಪು ಹೀಟರುಗಳಿಗೆ ಇನ್ನೂ ಕಡಮೆ, ದುರಸ್ತಿ ಮಾಡುವವನ ಕೂಲಿಗೆ ಕೆಲವೆಡೆ ಒಂದೆರಡೇ ವರ್ಷ. ಫಿಲ್ಟರು, ತಲೆದಿಂಬುಗಳಿಗೆ ಏನೂ ಇಲ್ಲ. ಕೆಡುವ ಸಂಭವ ಹೆಚ್ಚಿದಂತೆಲ್ಲ ಅಭಯದ ಅವಧಿ ಕಡಮೆಯಾಗುತ್ತ ಹೋಗುವ ಈ ಅನುಪಾತವನ್ನು ಮೂರು ಪತ್ರಗಳಲ್ಲಿಯೂ ಕಂಡೆ. ಒಂದರಲ್ಲಿ ವರ್ಷ ಕಳೆದಂತೆ ಕಂಪನಿಯ ಪಾಲು ಇಳಿದು ಕೊಂಡವನ ಪಾಲು ಏರುತ್ತಿತ್ತು. ಮನೆ ಮಾರಿದರೆ ಹೊಸ ಒಡೆಯನಿಗೆ ವಾರಂಟಿ ದಾಟುವುದಿಲ್ಲ. ತೊಟ್ಟಿಯ ಸುತ್ತ ಮರದ ಜಗಲಿ ಕಟ್ಟಿದ್ದರೆ ಅದನ್ನು ಬಿಚ್ಚಿಸುವ ಖರ್ಚು ಕೊಂಡವನದು. ಮೆಕ್ಯಾನಿಕ್ ಬಂದುಹೋಗುವ ವೆಚ್ಚ ಬೇರೆ. ಈ ವಾಕ್ಯ ಒಂಬತ್ತನೆಯ ಪುಟದಲ್ಲಿತ್ತು, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ.

ಶಾಪಭಾಗದ ಮಹಾಪಾತಕ ಯಾವುದೆಂದರೆ, ನೀರಿನ ಹದ ತಪ್ಪಿದ್ದರಿಂದ ಆದ ಹಾನಿ. ಅದಕ್ಕೆ ಯಾರೂ ಹೊಣೆಯಲ್ಲ. ಟ್ರೈಕ್ಲೋರ್ ಎಂಬ ಈಜುಕೊಳದ ಮಾತ್ರೆಯನ್ನು ಈ ತೊಟ್ಟಿಯಲ್ಲಿ ತೇಲಿಬಿಟ್ಟರೆ ಅದರ ತೀಕ್ಷ್ಣ ಆಮ್ಲ ಒಳಮೈಯನ್ನೂ ಹೀಟರನ್ನೂ ತಿನ್ನುತ್ತದೆ. ಆಮೇಲೆ ವಾರಂಟಿಯ ಹೆಸರೆತ್ತುವಂತಿಲ್ಲ. ನೀರು ಗಡಸಾಗಿದ್ದರೆ ಹೀಟರಿಗೆ ಸುಣ್ಣ ಕಟ್ಟುತ್ತದೆ. ಅದೂ ನಮ್ಮ ತಲೆಗೇ. ಖಾಲಿ ತೊಟ್ಟಿಯನ್ನು ಮುಚ್ಚದೆ ಬಿಸಿಲಿಗೆ ಬಿಟ್ಟರೂ ಅಷ್ಟೆ. ನೀರು ತುಂಬಲೆಂದೇ ಮಾಡಿದ ವಸ್ತುವಿಗೆ ನೀರಿನಿಂದಾಗುವ ಹಾನಿಯ ವಿರುದ್ಧ ಅಭಯವಿಲ್ಲವೆಂಬುದು ಮೊದಲು ವಿಚಿತ್ರವಾಗಿ ಕಂಡರೂ, ಯೋಚಿಸಿದರೆ ನ್ಯಾಯವೇ ಎನ್ನಿಸುತ್ತದೆ. ನೀರು ಕಂಪನಿಯದಲ್ಲ, ನಮ್ಮದು. ಆದರೆ ಕೊಳ್ಳುವ ದಿನವೇ ಅದನ್ನು ಬಾಯಿಬಿಟ್ಟು ಹೇಳಬೇಕಾದದ್ದು ಅವರ ಧರ್ಮ.

ಹಳಬರು ಅದನ್ನು ಹೇಳುತ್ತಿದ್ದರು. ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳ ಜೊತೆಗೆ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಎಣಿಸಿ ಕೆತ್ತಿದ್ದಾರೆ. ಏರಿಯಲ್ಲಿ ನೀರು ಜಿನುಗುವುದು ಅವುಗಳಲ್ಲೊಂದು. ಕನ್ನಡನಾಡಿನ ಎಷ್ಟೋ ಶಾಸನಗಳಲ್ಲಿ ಕೆರೆಯ ಜೊತೆಯಲ್ಲಿಯೇ ಅದರ ಪೋಷಣೆಗೆಂದು ಬಿತ್ತುವಟ್ಟದ ಭೂಮಿಯನ್ನೂ ಬಿಟ್ಟಿರುವ ಉಲ್ಲೇಖವಿದೆ. ಕಟ್ಟಿಸುವ ದಿನವೇ ಹೂಳೆತ್ತುವವನ ಅನ್ನವನ್ನೂ ಯೋಚಿಸಿದ್ದರು. ಅಕ್ಕ ಅಂಗಡಿಯಲ್ಲಿ ಕೇಳಿದ್ದು ಇದೇ ಪ್ರಶ್ನೆಯನ್ನು.

ಅಮೆರಿಕದ ಕಾನೂನು ಕೊಳ್ಳುವವನನ್ನು ಪೂರ್ತಿಯಾಗಿ ಕೈಬಿಟ್ಟಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯಿದೆಯ ಪ್ರಕಾರ, ಬರಹದಲ್ಲಿ ಕೊಟ್ಟ ವಾರಂಟಿ ‘ಫುಲ್’ ಅಥವಾ ‘ಲಿಮಿಟೆಡ್’ ಎಂಬ ಹಣೆಪಟ್ಟಿ ಹೊತ್ತಿರಬೇಕು. ನಾನು ಓದಿದ ಮೂರೂ ‘ಲಿಮಿಟೆಡ್’. ಕೊಳ್ಳುವ ಮುನ್ನವೇ ಪತ್ರವನ್ನು ಓದಲು ಕೇಳುವ ಹಕ್ಕು ಗ್ರಾಹಕನಿಗುಂಟು. ತಮ್ಮ ಹೆಸರಿನ ಫಿಲ್ಟರನ್ನೇ ದುಡ್ಡು ಕೊಟ್ಟು ಕೊಳ್ಳದಿದ್ದರೆ ವಾರಂಟಿ ರದ್ದೆಂದು ಷರತ್ತು ಹಾಕುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಬೇರೆ ಫಿಲ್ಟರಿನಿಂದಲೇ ಹಾನಿಯಾಯಿತೆಂದಾದರೆ ಮಾತು ಬೇರೆ. ಒಬ್ಬ ಮಾರಾಟಗಾರ ಇಂಥ ಷರತ್ತನ್ನು ಬಾಯಿಮಾತಿನಲ್ಲಿ ಹೇಳಿದ. ಪತ್ರದಲ್ಲಿ ಅದೆಲ್ಲಿದೆ ತೋರಿಸಪ್ಪ ಎಂದೆ. ಅವನು ನಕ್ಕು ಮಾತು ಬದಲಿಸಿದ. ಕಾಯಿದೆಯ ಹೆಸರಿನಲ್ಲಿರುವ ಜಾನ್ ಮಾಸ್, ನಾವು ನಿಂತು ವಾದಿಸುತ್ತಿದ್ದ ಸ್ಯಾಕ್ರಮೆಂಟೊ ನಗರದಿಂದಲೇ ಆರಿಸಿಹೋಗಿದ್ದ ಪ್ರತಿನಿಧಿಯೆಂಬುದು ನನಗೆ ಮನೆಗೆ ಬಂದಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಇನ್ನೊಂದಿಷ್ಟು ಗಟ್ಟಿಯಾಗಿ ಮಾತನಾಡುತ್ತಿದ್ದೆನೋ ಏನೋ.

ಕಡೆಗೆ ಕೊಂಡದ್ದು ಐವತ್ತು ಜೆಟ್ಟಿನದಲ್ಲ, ಇಪ್ಪತ್ತೆರಡರದು. ಫಿಲ್ಟರು ಮೇಲಿನಿಂದಲೇ ಕೈಗೆಟುಕುವಂತಿತ್ತು, ಯಾವ ಅಂಗಡಿಯಲ್ಲಾದರೂ ಸಿಗುವ ಅಳತೆಯದು. ಕೂಲಿಗೆ ಮೂರು ವರ್ಷದ ವಾರಂಟಿಯಿತ್ತು. ಬಣ್ಣದ ದೀಪ ಇರಲಿಲ್ಲ. ಭಾವನವರು ಒಂದು ವಾರ ಮುಖ ಊದಿಸಿಕೊಂಡಿದ್ದರು. ತೊಟ್ಟಿ ಬಂದ ದಿನ ಮೊದಲು ಕೊಳವೆಗಳನ್ನು ತೊಳೆದು ಆ ನೀರನ್ನು ಚೆಲ್ಲಿದೆವು. ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ತುಂಬಿದ ನೀರಿನ ಶೇಷ ಕೊಳವೆಗಳಲ್ಲಿ ನಿಂತು ಲೋಳೆಗಟ್ಟಿರುವುದುಂಟು. ಆಮೇಲೆ ಅಕ್ಕ ಒಂದು ನೋಟುಬುಕ್ಕನ್ನು ತೆಗೆದು, ಹಾಲಿನ ಲೆಕ್ಕ ಬರೆಯುವಂತೆ, ತಾರೀಖು, ಕ್ಲೋರಿನ್, ಪಿಎಚ್, ಫಿಲ್ಟರು ತೊಳೆದ ದಿನ ಎಂದು ಗೆರೆ ಹಾಕಿದಳು. ನೀರು ಬದಲಿಸುವುದಕ್ಕೂ ಅವಳದೇ ಪಂಚಾಂಗ: ಸಂಕ್ರಾಂತಿ, ಯುಗಾದಿ, ನಾಗರಪಂಚಮಿ, ದೀಪಾವಳಿಯ ನೀರು ತುಂಬುವ ಹಬ್ಬ. ಅಧಿಕಮಾಸ ಬಾರದ ವರ್ಷಗಳಲ್ಲಿ ಯಾವ ಎರಡರ ನಡುವೆಯೂ 133 ದಿನ ಮೀರುವುದಿಲ್ಲ. ನಾನು ಪಂಚಾಂಗ ಹಿಡಿದು ನೋಡಿದೆ. ಹಳೆಯ ನೀರನ್ನು ಕ್ಲೋರಿನ್ ಇಳಿಯುವವರೆಗೆ ಕೆಲವು ದಿನ ಬಿಟ್ಟು ಹುಲ್ಲಿಗೆ ಹರಿಸುತ್ತಾಳೆ.

ಎರಡನೆಯ ಚಳಿಗಾಲದಲ್ಲಿ ಹೀಟರು ಕೆಟ್ಟಿತು. ಬಂದ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ, ನೀರನ್ನು ಹೇಗೆ ಇಟ್ಟುಕೊಂಡಿದ್ದಿರಿ ಎಂದು. ಅಕ್ಕ ನೋಟುಬುಕ್ಕನ್ನು ಮುಂದಿಟ್ಟಳು. ಅವನು ನಾಲ್ಕು ಪುಟ ತಿರುವಿ, ಮರುಮಾತಾಡದೆ ಹೊಸ ಹೀಟರನ್ನು ಹಾಕಿದ. ಸಾಮಾನಿಗೂ ಕೂಲಿಗೂ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ನಲವತ್ತು ಮೈಲಿ ಬಂದುಹೋದ ಬಾಬತ್ತು ತೊಂಬತ್ತೈದು ಡಾಲರಿನ ಬಿಲ್ಲನ್ನು ಕೊಟ್ಟು ಹೋದ. ಭಾವನವರು ಅಂದು ರಾತ್ರಿಯೇ ನನಗೆ ಫೋನು ಮಾಡಿ ಕೂಗಾಡಿದರು. ಒಂಬತ್ತನೆಯ ಪುಟ ತೆಗೆದು ನೋಡಿ ಭಾವ ಎಂದೆ. ಕಾಗದದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಮಾತಿಲ್ಲ. “ಈ ಕೆಂಪು ಗೆರೆ ಎಳೆದೋನು ನೀನೇ ಏನಯ್ಯ?” ಎಂದರು.

ಮಂಡಿ ಪೂರ್ತಿ ವಾಸಿಯಾಗಿದೆಯೆಂದು ಅವರು ಹೇಳುವುದಿಲ್ಲ. ಬೆಳಗಿನ ಮೆಟ್ಟಿಲು ಮೊದಲಿನಷ್ಟು ದೀರ್ಘವಲ್ಲವೆನ್ನುತ್ತಾರೆ. ಮೊಮ್ಮಗಳು ಇನ್ನೂ ನೀರಿಗೆ ಇಳಿದಿಲ್ಲ. ಪರೀಕ್ಷೆಯ ಕಾಗದದ ಪಟ್ಟಿಯನ್ನು ಅದ್ದಿ ತೆಗೆದು ಬಣ್ಣಕ್ಕೆ ಬಣ್ಣ ಹೊಂದಿಸಿ ಅಜ್ಜಿಗೆ ಅಂಕಿ ಒಪ್ಪಿಸುವ ಕೆಲಸ ಈಗ ಅವಳದು. ಮುಚ್ಚಳದ ಬೀಗದ ಕೈ ಮಾತ್ರ ಅಕ್ಕನ ಸೊಂಟದಲ್ಲಿದೆ. ಬರುವ ತಿಂಗಳು ಅವಳಿಗೆ ಐದು ತುಂಬುತ್ತದೆ. ಅಂದು ನೀರಿನ ಬಿಸಿಯನ್ನು ಎಷ್ಟಕ್ಕೆ ಇಳಿಸಬೇಕು, ಎಷ್ಟು ನಿಮಿಷ ಕೂರಿಸಬಹುದು ಎಂಬ ವಿಷಯದಲ್ಲಿ ಅಜ್ಜ ಅಜ್ಜಿಯರಿಗೆ ಇನ್ನೂ ಒಪ್ಪಂದವಾಗಿಲ್ಲ.